ರೋಮಾ ಹೆಂಗಸರು ಯಾರ ಕೈ ನೋಡುತ್ತಾರೆ?

ಯುರೋಪಿನ ರೋಮಾ ಜನರನ್ನು ನಾವು ಜಿಪ್ಸಿಗಳೆಂದು ಕರೆಯುತ್ತ ಬಂದಿದ್ದೇವೆ. ಅವರ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕಡೆ ಬಂದು ನಿಂತಿವೆ: ಭವಿಷ್ಯ ಹೇಳುವುದು. ಅವರ ಸಂಗೀತ, ತಾಮ್ರದ ಕೆಲಸ, ಕುದುರೆ ವ್ಯಾಪಾರ ಯಾರಿಗೂ ಬೇಕಾದಂತಿಲ್ಲ. ಇರಲಿ, ಕೇಳಿದ್ದಕ್ಕೇ ಉತ್ತರ ಕೊಡುತ್ತೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೋರಿದ್ದರಿಂದ ಎಲ್ಲರದ್ದೂ ಬಿಟ್ಟು ಊರಷ್ಟೇ ಹಾಕಿದೆ.

ಪ್ರಶ್ನೆ: ಸ್ಪೇನ್ ಪ್ರವಾಸದಲ್ಲಿ ಗ್ರನಾಡಾದ ದೊಡ್ಡ ಚರ್ಚಿನ ಹತ್ತಿರ ಒಬ್ಬ ಹೆಂಗಸು ನನ್ನ ಹೆಂಡತಿಯ ಕೈಗೆ ಯಾವುದೋ ಸೊಪ್ಪಿನ ಕಡ್ಡಿ ತುರುಕಿ, ಅಂಗೈ ಹಿಡಿದು ಏನೇನೋ ಹೇಳಿ, ಆಮೇಲೆ ದುಡ್ಡಿಗೆ ಪಟ್ಟು ಹಿಡಿದಳು. ಭವಿಷ್ಯ ಹೇಳುವುದು ಇವರ ಕುಲಕಸುಬೇ? ಅವರಿಗೇ ಅದರಲ್ಲಿ ನಂಬಿಕೆ ಇದೆಯೇ?
ಜಯನಗರ, ಬೆಂಗಳೂರು

ಉತ್ತರ: ಆ ಸೊಪ್ಪು ರೋಸ್‌ಮರಿ. ಗ್ರನಾಡಾಕ್ಕೆ ಹೋದ ಪ್ರವಾಸಿಗರಲ್ಲಿ ಅದನ್ನು ಕೈಯಲ್ಲಿ ಹಿಡಿದವರು ನೀವೇ ಮೊದಲಿಗರಲ್ಲ. ಸ್ಪೇನಿನ ರೋಮಾಗಳಿಗೆ ಗಿಟಾನೋ ಎಂದು ಹೆಸರು, ಅವರ ಹೆಂಗಸರು ಪ್ರವಾಸಿಗರ ಕೈ ನೋಡುವುದು ಹಳೆಯ ರೂಢಿ.

ಆದರೆ ಕುಲಕಸುಬು ಎನ್ನುವಂತಿಲ್ಲ. ರೋಮಾ ಅನ್ನುವುದು ಒಂದೇ ಕಟ್ಟಿನ ಜನವಲ್ಲ, ಹತ್ತಾರು ಪಂಗಡಗಳ ಸಮೂಹ. ಕಾಲ್ಡೆರಾಶರು ತಾಮ್ರದ ಪಾತ್ರೆ ಮಾಡುತ್ತಿದ್ದವರು, ಲೋವಾರಾಗಳು ಕುದುರೆ ಮಾರುತ್ತಿದ್ದವರು, ಉರ್ಸಾರಿಗಳು ಕರಡಿ ಆಡಿಸುತ್ತಿದ್ದವರು, ಲೌತಾರಿಗಳು ಮದುವೆಮನೆಯ ವಾದ್ಯಗಾರರು, ಚುರಾರಿಗಳು ಜರಡಿ ಹೆಣೆಯುವವರು. ಕಸುಬಿನಿಂದ ಬಂದ ಈ ಹೆಸರುಗಳಲ್ಲಿ ಕಣಿಯ ಸುಳಿವಿಲ್ಲ. ಭವಿಷ್ಯ ಹೇಳುವುದು ಈ ಪಂಗಡಗಳೆಲ್ಲದರ ಅಂಚಿನಲ್ಲಿ ಬೆಳೆದ ಹೆಂಗಸರ ದುಡಿಮೆ. ಗಂಡಸು ಪಾತ್ರೆಗೆ ಕಲಾಯಿ ಹಾಕಲು ಊರೊಳಗೆ ಹೋದಾಗ ಹೆಂಡತಿಯೋ ತಾಯಿಯೋ ಮನೆಮನೆಯ ಬಾಗಿಲು ತಟ್ಟುತ್ತಿದ್ದಳು. ಇಂದು ಯುರೋಪಿನಲ್ಲಿ ರೋಮಾಗಳ ಸಂಖ್ಯೆ 1 ಕೋಟಿಯಿಂದ 1.2 ಕೋಟಿ ಎಂಬ ಅಂದಾಜಿದೆ. ಅವರಲ್ಲಿ ಬಹುಪಾಲು ಜನ ಯಾರ ಕೈಯನ್ನೂ ನೋಡಿದವರಲ್ಲ. ಕಟ್ಟಡದ ಕೆಲಸ, ಗುಜರಿ, ಕಾರ್ಖಾನೆ, ಪೌರಕಾರ್ಮಿಕರ ಕೆಲಸ, ಶಾಲೆ, ಆಸ್ಪತ್ರೆ ಎಂದು ಎಲ್ಲ ಕಡೆಯೂ ಇದ್ದಾರೆ.

ನಂಬಿಕೆಯ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಆನ್ ಸದರ್‌ಲ್ಯಾಂಡ್ ಕ್ಯಾಲಿಫೋರ್ನಿಯಾದ ರೋಮಾ ಕುಟುಂಬಗಳ ನಡುವೆ ಇದ್ದು 1975ರಲ್ಲಿ ಪುಸ್ತಕ ಬರೆದರು. ಜೂಡಿತ್ ಓಕ್ಲಿ ಇಂಗ್ಲೆಂಡಿನ ಜಿಪ್ಸಿ ಬಿಡಾರಗಳಲ್ಲಿ ಇದ್ದು 1983ರಲ್ಲಿ ಬರೆದರು. ಇಬ್ಬರೂ ಕಂಡದ್ದು ಒಂದೇ: ಭವಿಷ್ಯ ಹೇಳುವುದು ಹೊರಗಿನವರಿಗೆ. ರೋಮಾ ಅಲ್ಲದವರನ್ನು ಅವರು ಗಾಜೆ ಎನ್ನುತ್ತಾರೆ. ಗಾಜೆಯ ಅಂಗೈ ನೋಡುವ ಹೆಂಗಸು ತನ್ನ ಸೊಸೆಯ ಅಂಗೈ ಹಿಡಿದು ಕೂರುವುದಿಲ್ಲ. ಅವಳು ಓದುವುದು ರೇಖೆಗಳಿಗಿಂತ ಹೆಚ್ಚಾಗಿ ಉಂಗುರ ತೆಗೆದ ಗುರುತು, ಸವೆದ ಚಪ್ಪಲಿ, ಯಾವ ಮಾತಿಗೆ ಕಣ್ಣು ತುಂಬಿತು ಎನ್ನುವುದನ್ನು. ಈ ಕಣ್ಣು ಅತ್ತೆಯಿಂದ, ತಾಯಿಯಿಂದ ಕಲಿತು ಬಂದದ್ದು, ಕಲಿಯಲು ವರ್ಷಗಳು ಬೇಕು. ಇವರು ಮೋಸಗಾರರೋ ಇಲ್ಲವೇ ಮನಸ್ಸಿನ ಭಾರ ಇಳಿಸುವವರೋ ಎಂಬ ಪ್ರಶ್ನೆಯನ್ನೇ ಇಟ್ಟುಕೊಂಡು ಓಕ್ಲಿ ಮುಂದೆ ಒಂದು ಪ್ರಬಂಧ ಬರೆದರು.

ಹಾಗೆಂದು ಅವರಿಗೆ ಯಾವ ನಂಬಿಕೆಯೂ ಇಲ್ಲವೆಂದು ತಿಳಿಯಬೇಡಿ. ಅದೃಷ್ಟವನ್ನು ಬಖ್ತ್ ಎನ್ನುತ್ತಾರೆ, ನಡತೆ ಶುದ್ಧವಾಗಿದ್ದರೆ ಅದು ಮನೆಯಲ್ಲಿ ನಿಲ್ಲುತ್ತದೆ ಎನ್ನುತ್ತಾರೆ. ಸತ್ತವರ ಆತ್ಮ ಮುಲೋ, ಅದಕ್ಕೆ ಅಂಜುತ್ತಾರೆ. ಇಂಗ್ಲೆಂಡಿನ ಕುಟುಂಬಗಳು ತೀರಿಕೊಂಡವರ ಗಾಡಿಯನ್ನೇ ಸುಟ್ಟುಬಿಡುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾದದ್ದು ಮಾರಿಮೆ, ನಮ್ಮ ಮಡಿ-ಮೈಲಿಗೆಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಸೊಂಟದ ಮೇಲಿನ ಬಟ್ಟೆಗೂ ಕೆಳಗಿನದಕ್ಕೂ ಬೇರೆ ಬೇರೆ ಬೋಗುಣಿ, ಪಾತ್ರೆ ತೊಳೆಯುವ ಬೋಗುಣಿಯಲ್ಲಿ ಕೈ ಅದ್ದುವಂತಿಲ್ಲ. ಈ ನಿಯಮ ಮುರಿದವರನ್ನು ಪಂಗಡದ ಹಿರಿಯರ ನ್ಯಾಯಸಭೆ ಹೊರಗಿಡುವುದೂ ಉಂಟು. ಕಾಲ್ಡೆರಾಶರಂಥವರಲ್ಲಿ ಆ ಸಭೆಗೆ ಕ್ರಿಸ್ ಎಂದು ಹೆಸರು. ಯಾರು ರೋಮಾ, ಯಾರು ಅಲ್ಲ ಎಂಬುದನ್ನು ಅವರು ಅಳೆಯುವುದು ಇಂಥವುಗಳಿಂದ, ತಮ್ಮ ಮಾತಿನಿಂದ, ನೆಂಟಸ್ತಿಕೆಯಿಂದ. ನಿಮ್ಮ ಹೆಂಡತಿಯ ಕೈಗೆ ಬಂದ ರೋಸ್‌ಮರಿ ಆ ಒಳಮನೆಯದ್ದಲ್ಲ, ಬೀದಿಯದ್ದು.

ಪ್ರಶ್ನೆ: ಇವರು ಭವಿಷ್ಯ ಹೇಳುವವರು ಅನ್ನೋ ಹೆಸರು ಎಂದಿನಿಂದ ಬಂತು? ಯುರೋಪಿನೊಳಗ ಬ್ಯಾರೆ ಜೋಯಿಸರು ಇರಲಿಲ್ಲೇನು? ಇವರ ಮ್ಯಾಲೇ ಅಷ್ಟು ಸಿಟ್ಟು ಯಾಕ?
ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಜೋಯಿಸರು ಬೇಕಾದಷ್ಟಿದ್ದರು, ಅರಮನೆಗಳಲ್ಲೇ ಇದ್ದರು. ಸಿಟ್ಟಿನ ಮೂಲ ಬೇರೆ ಕಡೆ ಇದೆ.

ರೋಮಾಗಳು ಪಶ್ಚಿಮಕ್ಕೆ ಬರುವ ಮೊದಲು ಬಹುಕಾಲ ಬೈಜಾಂಟಿಯಮ್ ಸಾಮ್ರಾಜ್ಯದಲ್ಲಿದ್ದರು. ಅಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಾಧಿಪತಿ ಮೊದಲನೆಯ ಅಥನೇಸಿಯಸ್, 14ನೇ ಶತಮಾನದ ಆರಂಭದ ಹೊತ್ತಿಗೇ, ಕಣಿ ಹೇಳುವವರು, ಕರಡಿ ಆಡಿಸುವವರು, ಹಾವಾಡಿಗರ ಸಹವಾಸ ಬೇಡವೆಂದು ಎಚ್ಚರಿಸಿ, ರೋಮಾಗಳನ್ನಂತೂ ಮನೆಯೊಳಗೆ ಬಿಟ್ಟುಕೊಳ್ಳಲೇಬಾರದು ಎಂದು ಪಾದ್ರಿಗಳಿಗೆ ಬರೆದಿದ್ದ. ಮುಂದಿನ ಶತಮಾನದಲ್ಲಿ ಪಶ್ಚಿಮದ ಊರುಗಳಿಗೆ ಬಂದಾಗ ಅವರು ತಮ್ಮನ್ನು ಈಜಿಪ್ಟಿನಿಂದ ಹೊರಟ ಯಾತ್ರಿಕರೆಂದು, ಪ್ರಾಯಶ್ಚಿತ್ತಕ್ಕಾಗಿ ಅಲೆಯುತ್ತಿರುವವರೆಂದು ಹೇಳಿಕೊಂಡರು. 1422ರಲ್ಲಿ ಇಟಲಿಯ ಬೊಲೊನ್ಯಾಕ್ಕೆ ‘ಈಜಿಪ್ಟಿನ ಡ್ಯೂಕ್ ಆಂಡ್ರಿಯಾ’ ಎಂಬವನ ತಂಡ ಬಂತು. ಅವನ ಹೆಂಡತಿ ಹಿಂದಿನದ್ದು ಮುಂದಿನದ್ದು ಎಲ್ಲ ಹೇಳುತ್ತಾಳೆಂದು ಊರಿಗೆ ಊರೇ ಮುತ್ತಿತು, ಹೋದವರಲ್ಲಿ ಕೆಲವರ ಹಣದ ಚೀಲವೂ ಹೋಯಿತು ಎಂದು ಅಲ್ಲಿನ ಇತಿಹಾಸಕಾರ ಬರೆದಿಟ್ಟಿದ್ದಾನೆ.

ಐದು ವರ್ಷದ ಬಳಿಕ, 1427ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನ ಹೊರಗಿನ ಲಾ ಶಾಪೆಲ್‌ನಲ್ಲಿ ನೂರಕ್ಕೂ ಹೆಚ್ಚು ಜನ ಬಂದು ಇಳಿದರು. ಹೆಸರು ಹೇಳದ ಒಬ್ಬ ಪ್ಯಾರಿಸ್ ನಿವಾಸಿಯ ದಿನಚರಿ ಉಳಿದುಬಂದಿದೆ. ಇವರು ಅಂಗೈ ನೋಡಿ ‘ನಿನ್ನ ಹೆಂಡತಿ ನಿನಗೆ ಮೋಸ ಮಾಡುತ್ತಿದ್ದಾಳೆ’ ಎಂಬಂಥ ಮಾತಾಡಿ ಸಂಸಾರಗಳಲ್ಲಿ ಜಗಳ ಹಚ್ಚಿದರು, ಜೇಬು ಖಾಲಿ ಮಾಡಿದರು ಎಂಬ ಊರಿನ ಮಾತನ್ನು ಆತ ದಾಖಲಿಸುತ್ತಾನೆ. ಅಷ್ಟಕ್ಕೇ ಬಿಡದೆ, ತಾನು ಮೂರು ನಾಲ್ಕು ಸಲ ಹೋಗಿ ಅವರೊಡನೆ ಮಾತಾಡಿದರೂ ಒಂದು ಕಾಸೂ ಕಳೆಯಲಿಲ್ಲ, ಅವರು ಯಾರ ಕೈ ನೋಡುವುದನ್ನೂ ಕಾಣಲಿಲ್ಲ, ಆದರೆ ಎಲ್ಲರೂ ಹಾಗೆ ಹೇಳುತ್ತಿದ್ದರು ಎಂದೂ ಸೇರಿಸುತ್ತಾನೆ. ಆರುನೂರು ವರ್ಷಗಳಲ್ಲಿ ಈ ವಿಷಯದ ಮೇಲೆ ಬಂದ ಬರವಣಿಗೆಯಲ್ಲಿ ಇಷ್ಟು ಪ್ರಾಮಾಣಿಕ ಸಾಲುಗಳು ಹೆಚ್ಚಿಲ್ಲ. ಕೊನೆಗೆ ಬಿಷಪ್ ಬಂದು ಉಪದೇಶ ಮಾಡಿಸಿ, ಕೈ ನೋಡಿದವರ ಜೊತೆ ಕೈ ತೋರಿಸಿದವರಿಗೂ ಬಹಿಷ್ಕಾರ ಹಾಕಿಸಿದ. ತಂಡ ಸೆಪ್ಟೆಂಬರಿನಲ್ಲಿ ಪಾಂಟ್ವಾಜ್ ಕಡೆ ಹೊರಟುಹೋಯಿತು.

ಆಮೇಲೆ ಕಾನೂನು ಬಂತು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ 1530ರಲ್ಲಿ ಮಾಡಿದ ‘ಈಜಿಪ್ಷಿಯನ್ನರ ಕಾಯ್ದೆ’ ಹಸ್ತಸಾಮುದ್ರಿಕದ ನೆಪವನ್ನು ಹೆಸರಿಸಿಯೇ ಇವರನ್ನು ದೇಶದಿಂದ ಹೊರಗಟ್ಟಲು ಹೊರಟಿತು. 1554ರ ಕಾಯ್ದೆ ದೇಶದಲ್ಲಿ ಉಳಿದವರಿಗೆ ಮರಣದಂಡನೆ ಇಟ್ಟಿತು. ಮೊದಲನೆಯ ಎಲಿಜಬೆತ್ ಕಾಲದಲ್ಲಿ ಅದು ಇವರ ಜೊತೆ ಸೇರಿ ಅಲೆದವರಿಗೂ ಹಬ್ಬಿತು, 1783ರವರೆಗೆ ಪುಸ್ತಕದಲ್ಲಿ ಉಳಿಯಿತು. ಇದೇ ಎಲಿಜಬೆತ್ ತನ್ನ ಪಟ್ಟಾಭಿಷೇಕದ ದಿನ, 1559ರ ಜನವರಿ 15, ಇಡಿಸಿದ್ದು ಜಾನ್ ಡೀ ಎಂಬ ಜ್ಯೋತಿಷಿಯ ಕೈಯಲ್ಲಿ. ಫ್ರಾನ್ಸಿನ ರಾಣಿ ಕ್ಯಾಥರೀನ್ ನೊಸ್ತ್ರದಾಮನನ್ನು ಅರಮನೆಗೆ ಕರೆಸಿಕೊಂಡವಳು. ಲ್ಯಾಟಿನ್ ಓದಿದ ಗಂಡಸು ಅರಮನೆಯಲ್ಲಿ ಹೇಳಿದರೆ ಶಾಸ್ತ್ರ, ಮನೆಮಾರಿಲ್ಲದ ಹೆಂಗಸು ಬೀದಿಯಲ್ಲಿ ಹೇಳಿದರೆ ಅಪರಾಧ.

ಯಾಕೆ ಇದೇ ಕಸುಬು ಹಿಡಿದರು ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಊರುಗಳ ಕುಶಲಕರ್ಮಿ ಸಂಘಗಳು ಇವರನ್ನು ಒಳಗೆ ಬಿಡಲಿಲ್ಲ, ಜಮೀನು ಸಿಗಲಿಲ್ಲ, ನಿಂತಲ್ಲಿ ನಿಲ್ಲಗೊಡಲಿಲ್ಲ. ರೊಮೇನಿಯಾದ ವಲಾಕಿಯಾ, ಮೊಲ್ದಾವಿಯಾ ಪ್ರಾಂತಗಳಲ್ಲಿ ಇವರು ಮಠಗಳ, ಜಮೀನುದಾರರ, ರಾಜ್ಯದ ಗುಲಾಮರಾಗಿದ್ದರು. ಆ ಗುಲಾಮಗಿರಿ ಪೂರ್ತಿ ಮುಗಿದದ್ದು 1856ರಲ್ಲಿ. ಭವಿಷ್ಯ ಹೇಳಲು ಬಂಡವಾಳ ಬೇಡ, ಉಪಕರಣ ಬೇಡ, ರಾತ್ರೋರಾತ್ರಿ ಓಡಿಸಿದರೂ ಹಿಂದೆ ಬಿಟ್ಟುಹೋಗುವಂಥದ್ದು ಏನೂ ಇಲ್ಲ. ಜೊತೆಗೆ, ಇವಳಿಗೆ ಏನೋ ಗೊತ್ತಿದೆ ಎಂದು ಎದುರಿನವರೇ ಮೊದಲು ನಂಬಿ ಹೆದರಿರುತ್ತಾರೆ. ಆ ಹೆದರಿಕೆಗೆ ಅವಳು ಒಂದು ಬೆಲೆ ಕಟ್ಟಿದಳು, ಅಷ್ಟೆ.

ಪ್ರಶ್ನೆ: ಟ್ಯಾರೊ ಕಾರ್ಡುಗಳನ್ನು ಯುರೋಪಿಗೆ ತಂದವರು ಜಿಪ್ಸಿಗಳು ಎಂದು ಒಂದು ತರಗತಿಯಲ್ಲಿ ಹೇಳಿದರು. ನಿಜವೇ?
ಮೈಸೂರು

ಉತ್ತರ: ಸುಳ್ಳು. ಟ್ಯಾರೊ 15ನೇ ಶತಮಾನದಲ್ಲಿ ಉತ್ತರ ಇಟಲಿಯ ಶ್ರೀಮಂತರು ಆಡುತ್ತಿದ್ದ ಇಸ್ಪೀಟಿನ ಒಂದು ಆಟ. 1781ರಲ್ಲಿ ಕೂರ್ ದ ಜೆಬ್ಲೆನ್ ಎಂಬ ಫ್ರೆಂಚ್ ಪಂಡಿತ ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಎಂದು ಬರೆದ. ಚಿತ್ರಲಿಪಿಯನ್ನು ಆಗಿನ್ನೂ ಯಾರೂ ಓದಿರಲಿಲ್ಲವಾದ್ದರಿಂದ ಅಲ್ಲಗಳೆಯುವವರೂ ಇರಲಿಲ್ಲ. ಜಿಪ್ಸಿಗಳು ಈಜಿಪ್ಟಿನವರೆಂಬ ತಪ್ಪುಕಲ್ಪನೆ ಅದಕ್ಕೆ ಗಂಟುಬಿತ್ತು. 1889ರಲ್ಲಿ ಪಾಪ್ಯುಸ್ ಎಂಬಾತ ತನ್ನ ಪುಸ್ತಕಕ್ಕೆ ‘ಬೊಹೀಮಿಯನ್ನರ ಟ್ಯಾರೊ’ ಎಂದೇ ಹೆಸರಿಟ್ಟ. ರೋಮಾ ಹೆಂಗಸರು ಟ್ಯಾರೊ ಹಿಡಿದದ್ದು ಗಿರಾಕಿಗಳೇ ಅದನ್ನು ಕೇಳತೊಡಗಿದ ಮೇಲೆ.

ಪ್ರಶ್ನೆ: ನಮ್ಮ ಗೋರ್‌ಬೋಲಿಯಲ್ಲಿ ಪಾಣಿ, ಕಾನ್, ನಾಕ್ ಇರುವಂತೆ ರೋಮಾಗಳ ಮಾತಿನಲ್ಲೂ ಇದೆ ಎಂದು ಯೂಟ್ಯೂಬಿನಲ್ಲಿ ನೋಡಿದೆ. ಅವರೂ ಬಂಜಾರರೇ ಎಂದು ನಮ್ಮ ಸಮಾಜದ ಹಿರಿಯರೂ ಹೇಳುತ್ತಾರೆ. ಹಾಗಿದ್ದರೆ ಕೊರವಂಜಿಯ ಕಣಿಯೂ ಇವರ ಭವಿಷ್ಯವೂ ಒಂದೇ ಮೂಲದ್ದೇ?
ತಾಂಡಾ ನಿವಾಸಿ, ವಿಜಯಪುರ ಜಿಲ್ಲೆ

ಉತ್ತರ: ದೂರದ ದಾಯಾದಿಗಳು ಎನ್ನಿ, ಒಪ್ಪುತ್ತೇನೆ. ಅವರೂ ಬಂಜಾರರೇ ಎನ್ನಲು ಆಧಾರವಿಲ್ಲ.

ರೋಮಾನಿ ಭಾಷೆ ಭಾರತದ್ದು ಎಂದು ಜರ್ಮನಿಯ ರ‍್ಯೂಡಿಗರ್ 1782ರಲ್ಲೇ ತೋರಿಸಿದರು. ಪದಗಳ ಹೋಲಿಕೆಗಿಂತ ವ್ಯಾಕರಣದ ಹೋಲಿಕೆಯನ್ನು ಹಿಡಿದದ್ದು ಅವರ ಹೆಚ್ಚುಗಾರಿಕೆ. 1926ರಲ್ಲಿ ರಾಲ್ಫ್ ಟರ್ನರ್ ಇನ್ನೂ ಮುಂದೆ ಹೋಗಿ, ಈ ಮಾತು ಮೊದಲು ಹಿಂದಿಯ ಪೂರ್ವಜ ಭಾಷೆಗಳ ಜೊತೆ ಮಧ್ಯದೇಶದಲ್ಲಿದ್ದು, ಆಮೇಲೆ ವಾಯವ್ಯಕ್ಕೆ ಸರಿದು ಅಲ್ಲಿ ಬಹುಕಾಲ ನಿಂತಿತ್ತು ಎಂದು ವಾದಿಸಿದರು. ದಾರಿಯುದ್ದಕ್ಕೂ ಎತ್ತಿಕೊಂಡ ಪಾರಸಿ, ಅರ್ಮೇನಿಯನ್, ಗ್ರೀಕ್ ಪದಗಳು ಅವರ ಪಯಣದ ನಕ್ಷೆ ಕೊಡುತ್ತವೆ. ಅವರ ಎಣಿಕೆಯಲ್ಲಿ ಒಂದರಿಂದ ಆರರವರೆಗೆ ನಮ್ಮ ಕಡೆಯದ್ದು, ಏಳು, ಎಂಟು, ಒಂಬತ್ತು ಗ್ರೀಕಿನದ್ದು, ಹತ್ತು ಮತ್ತೆ ನಮ್ಮದು. 2012ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳೂ ವಾಯವ್ಯ ಭಾರತವನ್ನೇ ತೋರಿಸಿದವು. ಅವು ಸುಮಾರು 1500 ವರ್ಷದ ಹಿಂದಿನ ಲೆಕ್ಕ ಕೊಟ್ಟರೆ ಭಾಷಾಶಾಸ್ತ್ರಜ್ಞರು ಸಾವಿರ ವರ್ಷದ ಆಸುಪಾಸು ಎನ್ನುತ್ತಾರೆ. ದಿಕ್ಕಿನಲ್ಲಿ ಇಬ್ಬರಿಗೂ ತಕರಾರಿಲ್ಲ.

ಇನ್ನು ನಿಮ್ಮವರ ಚರಿತ್ರೆ. ಉಪ್ಪು, ದವಸ ಹೇರಿದ ಎತ್ತುಗಳ ಜೊತೆ ಲಂಬಾಣಿಗಳು ಮೊಗಲ ದಂಡಿನ ಹಿಂದೆ ದಖ್ಖನಿಗೆ ಇಳಿದ 17ನೇ ಶತಮಾನದ ಹೊತ್ತಿಗೆ, ರೋಮಾಗಳು ಪ್ಯಾರಿಸ್ ಕಂಡು ಇನ್ನೂರು ವರ್ಷ ಆಗಿತ್ತು. ಪಾಣಿ, ಕಾನ್, ನಾಕ್ ಹಿಂದಿಯಲ್ಲೂ ಇವೆ, ಗುಜರಾತಿಯಲ್ಲೂ ಇವೆ. ಇವು ಒಂದು ದೊಡ್ಡ ಭಾಷಾಕುಟುಂಬದ ಗುರುತುಗಳು, ಎರಡು ಮನೆಗಳ ನೇರ ಸಂಬಂಧದ್ದಲ್ಲ.

ಕೊರವಂಜಿಯ ವಿಷಯದಲ್ಲಂತೂ ಮೂಲ ಒಂದೇ ಅಲ್ಲ. ಕೊರವರ ಮಾತು ದ್ರಾವಿಡ, ತಮಿಳಿನ ಹತ್ತಿರದ್ದು. ಅಲೆಮಾರಿ ಹೆಂಗಸು ಕಣಿ ಹೇಳುವುದು ಎರಡು ಕಡೆಯೂ ಇದೆ ಎಂದ ಮಾತ್ರಕ್ಕೆ ಇಲ್ಲಿಂದಲೇ ಹೊತ್ತೊಯ್ದರು ಎನ್ನಲಾಗದು. ಇವರು ಕಾಲಿಡುವುದಕ್ಕೆ ಸಾವಿರಾರು ವರ್ಷ ಮೊದಲೇ ಗ್ರೀಸಿನಲ್ಲೂ ರೋಮಿನಲ್ಲೂ ಶಕುನ ಹೇಳುವವರಿದ್ದರು. ನನಗೆ ಕಾಣುವ ಹೋಲಿಕೆ ಬೇರೆ. ಅಲ್ಲಿ ಸೆರ್ವಾಂಟಿಸ್ 1613ರಲ್ಲಿ ಕಣಿ ಹೇಳುವ ಜಿಪ್ಸಿ ಹುಡುಗಿಯನ್ನು ಕಥಾನಾಯಕಿ ಮಾಡಿದ, ಇಲ್ಲಿ ಆಸ್ಥಾನ ಕವಿಗಳು ಕೊರವಂಜಿಯನ್ನು ರಂಗಕ್ಕೆ ತಂದರು. 1942ರಲ್ಲಿ ರಾಶಿಯವರು ತಮ್ಮ ಹಾಸ್ಯಪತ್ರಿಕೆಗೂ ಅವಳ ಹೆಸರನ್ನೇ ಇಟ್ಟರು. ಎರಡೂ ಕಡೆ ನಾಟಕದಲ್ಲಿ ಅವಳಿಗೆ ಚಪ್ಪಾಳೆ, ನಾಟಕ ಮುಗಿದ ಮೇಲೆ ಪೊಲೀಸು. ಬ್ರಿಟನ್ನಿನ 1824ರ ಅಲೆಮಾರಿ ಕಾಯ್ದೆ ಭವಿಷ್ಯ ಹೇಳುವವರನ್ನು ‘ಪೋಕರಿ’ಗಳ ಸಾಲಿಗೆ ಸೇರಿಸಿತು. ಅದೇ ಆಡಳಿತ 1871ರಲ್ಲಿ ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಮುಂದೆ ಕೊರವರನ್ನೂ ಹಲವೆಡೆ ಲಂಬಾಣಿಗಳನ್ನೂ ಅದರ ಪಟ್ಟಿಗೆ ಸೇರಿಸಿತು. 1952ರವರೆಗೂ ಅದು ಇತ್ತು. ನಿಮ್ಮ ಹಿರಿಯರು ನೆಂಟಸ್ತಿಕೆ ಹುಡುಕುವುದಾದರೆ ಇಲ್ಲಿ ಹುಡುಕಬಹುದು.

ರೋಮಾಗಳೂ ಭಾರತದ ನಂಟನ್ನು ಬಿಟ್ಟುಕೊಟ್ಟಿಲ್ಲ. 1971ರ ಏಪ್ರಿಲ್ 8ರಂದು ಲಂಡನ್ ಸಮೀಪದ ಆರ್ಪಿಂಗ್ಟನ್‌ನಲ್ಲಿ ಅವರ ಮೊದಲ ವಿಶ್ವ ಸಮ್ಮೇಳನ ಸೇರಿತು. ನೀಲಿ-ಹಸಿರು ಬಾವುಟದ ನಡುವೆ 16 ಅರೆಗಳ ಚಕ್ರ ಇಟ್ಟುಕೊಂಡರು. ಭಾರತದ ರಾಜತಾಂತ್ರಿಕ ಡಬ್ಲ್ಯು. ಆರ್. ರಿಷಿ ಚಂಡೀಗಢದಲ್ಲಿ ರೋಮಾ ಅಧ್ಯಯನ ಸಂಸ್ಥೆ ಕಟ್ಟಿದರು, 1976ರಲ್ಲಿ ಅಲ್ಲಿ ರೋಮಾ ಉತ್ಸವವೂ ನಡೆಯಿತು. ಆದರೆ ಅವರು ಕೇಳುತ್ತಿರುವುದು ಯುರೋಪಿನಲ್ಲಿ ಸಮಾನ ಹಕ್ಕು, ಇಲ್ಲಿಗೆ ವಾಪಸು ಟಿಕೆಟ್ ಅಲ್ಲ.

ಪ್ರಶ್ನೆ: ನನ್ನ ಚಿಕ್ಕಮ್ಮನ ಮಗಳು ಇಲ್ಲಿನ ಒಂದು ‘ಸೈಕಿಕ್’ ಅಂಗಡಿಗೆ ಹೋಗಿ, ಶಾಪ ತೆಗೆಸುತ್ತೇನೆಂದು ಸಾವಿರಾರು ಡಾಲರ್ ಸುರಿದಿದ್ದಾಳೆ. ನೀವು ಇದನ್ನೂ ಸಂಸ್ಕೃತಿ ಎನ್ನುತ್ತೀರಾ?
ಎಡಿಸನ್, ನ್ಯೂಜೆರ್ಸಿ

ಉತ್ತರ: ಇಲ್ಲ, ಕಳ್ಳತನ ಎನ್ನುತ್ತೇನೆ. ದುಡ್ಡು ಕೊಟ್ಟ ರಸೀದಿ, ಮೆಸೇಜು, ಬ್ಯಾಂಕ್ ವಿವರ ಸೇರಿಸಿಕೊಂಡು ಮೊದಲು ಪೊಲೀಸರಿಗೆ ದೂರು ಕೊಡಿಸಿ. ನಾಚಿಕೆಯಿಂದ ಸುಮ್ಮನಿರುವವರೇ ಇಂಥವರ ಖಾಯಂ ಗಿರಾಕಿಗಳು.

ಅಮೆರಿಕದ ರೋಮಾಗಳಲ್ಲೇ ಈ ವ್ಯತ್ಯಾಸ ಇದೆ. ಬೋರ್ಡು ಹಾಕಿಕೊಂಡು ಕೈ ನೋಡುವ ಜಾಗವನ್ನು ಅವರು ಒಫಿಸಾ ಎನ್ನುತ್ತಾರೆ, ಅಲ್ಲಿ ನಡೆಯುವುದು ಸಣ್ಣ ಶುಲ್ಕದ ಮಾತುಕತೆ. ದುಡ್ಡಿಗೇ ಶಾಪ ತಟ್ಟಿದೆ, ಗಂಟು ಕಟ್ಟಿ ತಾ, ಶುದ್ಧಿ ಮಾಡಿ ಕೊಡುತ್ತೇನೆ ಎಂದು ದೊಡ್ಡ ಮೊತ್ತ ಹೊಡೆಯುವುದಕ್ಕೆ ಬೂಜೋ ಎಂಬ ಬೇರೆಯೇ ಹೆಸರಿದೆ. ಒಬ್ಬಳು ಬೂಜೋ ಮಾಡಿದರೆ ಪೊಲೀಸರು ಬರುವುದು ಆ ಬೀದಿಯ ಎಲ್ಲ ಒಫಿಸಾಗಳಿಗೂ. ಯಾರ ಪ್ರದೇಶದಲ್ಲಿ ಯಾರು ಅಂಗಡಿ ತೆರೆಯಬೇಕು ಎಂಬ ಜಗಳಗಳು ಅವರ ಕ್ರಿಸ್ ಸಭೆಗೆ ಬರುತ್ತವೆ.

ಆದರೆ ಒಂದು ಮಾತು. ಆ ಅಂಗಡಿಯವಳು ರೋಮಾ ಎಂದು ನಿಮಗೆ ಹೇಗೆ ಗೊತ್ತಾಯಿತು? ಪತ್ರದಲ್ಲಿ ಅದಕ್ಕೆ ಯಾವ ಸುಳಿವೂ ಇಲ್ಲ. ‘ಸೈಕಿಕ್’ ಬೋರ್ಡಿನ ಹಿಂದೆ ಎಲ್ಲ ಜನಾಂಗದವರೂ ಇದ್ದಾರೆ, ನಮ್ಮವರೂ ಇದ್ದಾರೆ. ನಿಮ್ಮ ನ್ಯೂಜೆರ್ಸಿಯಲ್ಲೇ ಜಿಪ್ಸಿಗಳನ್ನು ಹೆಸರಿಸಿ ಸ್ಥಳೀಯ ಆಡಳಿತಗಳು ನಿಯಂತ್ರಿಸಲು ಅವಕಾಶ ಕೊಟ್ಟ ಕಾನೂನು 1917ರಲ್ಲಿ ಬಂದು 1998ರವರೆಗೂ ಇತ್ತು. ಅಪರಾಧಕ್ಕಲ್ಲ, ಹುಟ್ಟಿಗೆ ಹಾಕಿದ ಕಾನೂನು ಅದು.

ನ್ಯೂಯಾರ್ಕಿನಲ್ಲಿ ಇಂದಿಗೂ ಮನರಂಜನೆಗಾಗಿ ಅಲ್ಲದೆ, ಅತೀಂದ್ರಿಯ ಶಕ್ತಿ ಇದೆ ಎಂದು ಹೇಳಿ ಹಣ ಪಡೆದು ಭವಿಷ್ಯ ನುಡಿಯುವುದು, ಶಾಪ ಬಿಡಿಸುವುದು ಸಣ್ಣ ಪ್ರಮಾಣದ ಅಪರಾಧ. ಬೇರೆ ಕಡೆ ನ್ಯಾಯಾಲಯಗಳು ಬೇರೆ ನಿಲುವು ತಳೆದಿವೆ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1985ರಲ್ಲಿ ಅಜೂಸಾ ನಗರದ ನಿಷೇಧವನ್ನು ವಾಕ್‌ಸ್ವಾತಂತ್ರ್ಯದ ಆಧಾರದ ಮೇಲೆ ರದ್ದುಮಾಡಿತು. 2010ರಲ್ಲಿ ಮೇರಿಲ್ಯಾಂಡಿನ ಉನ್ನತ ನ್ಯಾಯಾಲಯ ಮಾಂಟ್‌ಗಮರಿ ಕೌಂಟಿಯ ನಿಷೇಧವನ್ನೂ ಹಾಗೆಯೇ ತೆಗೆಯಿತು. ಮೋಸ ಮಾಡಿದರೆ ಮೋಸದ ಕಾಯ್ದೆಯಲ್ಲಿ ಹಿಡಿಯಿರಿ, ಮಾತಾಡುವುದನ್ನೇ ಅಪರಾಧ ಮಾಡಬೇಡಿ ಎಂಬುದು ಈ ತೀರ್ಪುಗಳ ಧಾಟಿ. ನನಗೂ ಅದೇ ಸರಿ ಎನಿಸುತ್ತದೆ. ರೊಮೇನಿಯಾ ಇನ್ನೊಂದು ದಾರಿ ಹಿಡಿದು 2011ರಲ್ಲಿ ಮಾಟಗಾತಿಯರನ್ನೂ ಜ್ಯೋತಿಷಿಗಳನ್ನೂ ವೃತ್ತಿಪಟ್ಟಿಗೆ ಸೇರಿಸಿ ತೆರಿಗೆ ಹಾಕಹೊರಟಿತು. ಸಿಟ್ಟಾದ ಮಾಟಗಾತಿಯರು ಸರ್ಕಾರಕ್ಕೆ ಶಾಪ ಹಾಕಿ ಡ್ಯಾನ್ಯೂಬ್ ನದಿಗೆ ವಿಷದ ಗಿಡ ಎಸೆದರೆಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು.

ಪ್ರಶ್ನೆ: ಮಗನ ಸಹಪಾಠಿಯ ಅಮ್ಮ ತಾವು ಸಿಂತಿ ಎಂದರು. ನಾನು ನಗುತ್ತಾ ‘ಹಾಗಾದರೆ ನನ್ನ ಕೈ ನೋಡಿ’ ಎಂದೆ. ಅವರು ಮಾತೇ ನಿಲ್ಲಿಸಿದರು. ನಾನೂ ಭಾರತದವಳಲ್ಲವೇ, ಸಲಿಗೆಯಿಂದ ಅಂದದ್ದು. ಅಷ್ಟು ದೊಡ್ಡ ವಿಷಯವೇ ಅದು?
ಮ್ಯೂನಿಕ್, ಜರ್ಮನಿ

ಉತ್ತರ: ಹೌದಮ್ಮ, ಅದರಲ್ಲೂ ಮ್ಯೂನಿಕ್‌ನಲ್ಲಿ.

ಸಿಂತಿಗಳು ಜರ್ಮನ್ ನೆಲದಲ್ಲಿ ಆರುನೂರು ವರ್ಷಗಳಿಂದ ಇರುವ ರೋಮಾ ಪಂಗಡ. ನಿಮ್ಮ ಊರಿನ ಪೊಲೀಸರು 1899ರಲ್ಲೇ ಜಿಪ್ಸಿಗಳ ಮೇಲೆ ಕಣ್ಣಿಡಲು ಪ್ರತ್ಯೇಕ ಕಚೇರಿ ತೆರೆದರು. 1905ರಲ್ಲಿ 3,300ಕ್ಕೂ ಹೆಚ್ಚು ಜನರ ವಿವರ ಸೇರಿಸಿ ಒಂದು ಪುಸ್ತಕ ಅಚ್ಚು ಹಾಕಿಸಿದರು. ಅಪರಾಧ ಮಾಡಿದವರಷ್ಟೇ ಅದರಲ್ಲಿದ್ದರು ಎಂದುಕೊಳ್ಳಬೇಡಿ. ನಾಜಿಗಳು ಬಂದಾಗ ಇಂಥ ಪಟ್ಟಿಗಳೆಲ್ಲ ಸಿದ್ಧವಾಗಿದ್ದವು. ರಾಬರ್ಟ್ ರಿಟ್ಟರ್ ಎಂಬ ವೈದ್ಯನ ತಂಡ ಮನೆಮನೆಗೆ ಹೋಗಿ ತಲೆ ಅಳೆದು, ವಂಶಾವಳಿ ಬರೆದುಕೊಂಡಿತು. 1939ರ ನವೆಂಬರಿನಲ್ಲಿ, ಭವಿಷ್ಯ ಹೇಳಿದ್ದಕ್ಕೆ ಶಿಕ್ಷೆಯಾದ ಇಲ್ಲವೇ ಹೇಳುತ್ತಾರೆಂಬ ಬಲವಾದ ಶಂಕೆ ಇರುವ ಜಿಪ್ಸಿ ಹೆಂಗಸರನ್ನು ಹಿಡಿದು ಶಿಬಿರಗಳಿಗೆ ಕಳಿಸಬೇಕೆಂಬ ಆದೇಶ ಹೊರಟಿತು. ಯುದ್ಧದ ಬಗ್ಗೆ ಅವರು ಆಡುವ ಮಾತು ಜನರ ಮನಸ್ಸು ಕೆಡಿಸುತ್ತದೆ ಎಂಬುದು ಕಾರಣ. 1944ರ ಆಗಸ್ಟ್ 2ರ ರಾತ್ರಿ ಆಶ್‌ವಿಟ್ಸ್‌ನ ಜಿಪ್ಸಿ ಶಿಬಿರದಲ್ಲಿ ಉಳಿದಿದ್ದ ಸುಮಾರು 4,300 ಜನರನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ವಿಷಾನಿಲಕ್ಕೆ ನೂಕಿದರು. ಯುರೋಪಿನಾದ್ಯಂತ ಸತ್ತವರ ಅಂದಾಜು ಎರಡು ಲಕ್ಷದಿಂದ ಐದು ಲಕ್ಷ.

ಯುದ್ಧ ಮುಗಿದ ಮೇಲೂ ಮುಗಿಯಲಿಲ್ಲ. 1956ರಲ್ಲಿ ಪಶ್ಚಿಮ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ, 1943ಕ್ಕೆ ಮೊದಲು ಇವರನ್ನು ಹಿಂಸಿಸಿದ್ದು ಜನಾಂಗದ ಕಾರಣಕ್ಕಲ್ಲ, ಇವರ ನಡತೆಯ ಕಾರಣಕ್ಕೆ ಎಂದು ಪರಿಹಾರ ನಿರಾಕರಿಸಿತು. ಸರ್ಕಾರ ಇದನ್ನು ಜನಾಂಗಹತ್ಯೆ ಎಂದು ಒಪ್ಪಿದ್ದು 1982ರಲ್ಲಿ, ಬರ್ಲಿನ್ನಿನ ಸ್ಮಾರಕ ಆದದ್ದು 2012ರಲ್ಲಿ. ನಿಮ್ಮ ಪರಿಚಿತರ ಅಜ್ಜಿಯೋ ಮುತ್ತಜ್ಜಿಯೋ ಆ ಪಟ್ಟಿಗಳಲ್ಲಿ ಇದ್ದಿರಬಹುದು. ತಮ್ಮ ಗುರುತನ್ನು ನಿಮ್ಮೆದುರು ಬಾಯಿಬಿಟ್ಟು ಹೇಳಿದ್ದೇ ಅವರ ಧೈರ್ಯ, ಎಷ್ಟೋ ಕುಟುಂಬಗಳು ಇಂದಿಗೂ ಹೇಳುವುದಿಲ್ಲ.

ಹೋಗಿ ಕ್ಷಮೆ ಕೇಳಿ. ಒಂದೇ ವಾಕ್ಯ ಸಾಕು, ವಿವರಣೆ ಬೇಡ. ನಾವೂ ಭಾರತದವರು, ನೀವೂ ನಮ್ಮವರೇ ಎಂದು ಹೇಳಹೋಗಬೇಡಿ. ಅವರು ಜರ್ಮನರು.

ಪ್ರಶ್ನೆ: ನಮ್ಮ ಕಾಲೇಜು ರಂಗತಂಡ ‘ಕಾರ್ಮೆನ್’ ಕಥೆಯನ್ನು ಕನ್ನಡಕ್ಕೆ ಒಗ್ಗಿಸುತ್ತಿದೆ. ಇಸ್ಪೀಟಿನಲ್ಲಿ ಸಾವು ಕಾಣುವ ದೃಶ್ಯ ಬಹಳ ಚೆನ್ನಾಗಿದೆ. ಇಂಥ ಚಿತ್ರಣದ ಬಗ್ಗೆ ರೋಮಾ ಕಲಾವಿದರು ಏನೆನ್ನುತ್ತಾರೆ?
ಹಾಸನ

ಉತ್ತರ: ಒಂದೇ ಬಾಯಲ್ಲಿ ಹೇಳುವುದಿಲ್ಲ. ಮೊದಲು ಹಳೆಯ ಸಾಲು ನೋಡಿ. ಕರವಾಜಿಯೋ 1590ರ ದಶಕದಲ್ಲಿ ಬರೆದ ಚಿತ್ರದಲ್ಲಿ ಜಿಪ್ಸಿ ಹುಡುಗಿ ಯುವಕನ ಕೈ ನೋಡುತ್ತಲೇ ಉಂಗುರ ಜಾರಿಸುತ್ತಾಳೆ. ಜಾರ್ಜ್ ದ ಲಾ ತೂರ್‌ನ ಚಿತ್ರದಲ್ಲಿ ಮುದುಕಿ ನಾಣ್ಯ ಹಿಡಿದಾಗ ಉಳಿದವರು ಜೇಬಿಗೆ ಕೈ ಹಾಕಿರುತ್ತಾರೆ. ಸೆರ್ವಾಂಟಿಸನ ಹುಡುಗಿ ಕೊನೆಗೆ ಜಿಪ್ಸಿಯೇ ಅಲ್ಲ, ಕದ್ದು ತಂದ ದೊಡ್ಡಮನೆಯ ಮಗು. ಹ್ಯೂಗೋನ ಎಸ್ಮೆರಾಲ್ಡಾ ಕೂಡ ಕದ್ದು ತಂದ ಮಗುವೇ. ಅಂದರೆ ಒಳ್ಳೆಯವಳಾದರೆ ಜಿಪ್ಸಿ ಅಲ್ಲ, ಜಿಪ್ಸಿಯಾಗಿ ಉಳಿದರೆ ಕಾರ್ಮೆನ್ ತರಹ ಸಾಯಬೇಕು. ಮೆರಿಮೆ ಆ ಕಥೆ ಬರೆದದ್ದು 1845ರಲ್ಲಿ. ಬಿಜೆಯ ಸಂಗೀತನಾಟಕ 1875ರದ್ದು, ನೀವು ಮೆಚ್ಚಿದ ಇಸ್ಪೀಟಿನ ದೃಶ್ಯ ಅದರದ್ದು.

ಪೋಲೆಂಡಿನ ಮಾಲ್ಗೊಜಾತಾ ಮಿರ್ಗಾ-ತಾಸ್ 2022ರ ವೆನಿಸ್ ಬಿಯೆನಾಲೆಯಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸಿದರು. ಅಲ್ಲಿ ಒಂದು ರಾಷ್ಟ್ರದ ಮಂಟಪ ಸಿಕ್ಕ ಮೊದಲ ರೋಮಾ ಕಲಾವಿದೆ ಅವರು. ಫ್ರೆಂಚ್ ಕಲಾವಿದ ಜಾಕ್ ಕಾಲೊ 17ನೇ ಶತಮಾನದಲ್ಲಿ ಕೊರೆದ, ಅಲೆಮಾರಿಗಳನ್ನು ಕಳ್ಳರಂತೆ, ಕಣಿ ಹೇಳುವವರಂತೆ ತೋರಿಸಿದ ಅಚ್ಚುಚಿತ್ರಗಳನ್ನೇ ಎತ್ತಿಕೊಂಡು, ಬಣ್ಣಬಣ್ಣದ ಹಳೆ ಬಟ್ಟೆಯ ತುಂಡುಗಳಲ್ಲಿ ಹೊಲಿದು ಮಂಟಪದ ಗೋಡೆಗಳ ಮೇಲುಸಾಲಿನಲ್ಲಿ ನಿಲ್ಲಿಸಿದರು. ನಡುವಿನ ಸಾಲಿನಲ್ಲಿ ರಾಶಿಚಿಹ್ನೆಗಳು, ಕೆಳಗಿನ ಸಾಲಿನಲ್ಲಿ ತಮ್ಮ ಊರಿನ ರೋಮಾಗಳ ದಿನನಿತ್ಯದ ಬದುಕು. ಬೇಡವೆಂದು ಎಸೆಯದೆ, ತಮ್ಮ ಕೈಯಿಂದ ಮತ್ತೆ ಹೊಲಿದರು. ಬುಖಾರೆಸ್ಟಿನಲ್ಲಿ 2014ರಲ್ಲಿ ಹುಟ್ಟಿದ ಜುವ್ಲಿಪೆನ್ ಎಂಬ ರೋಮಾ ಸ್ತ್ರೀವಾದಿ ರಂಗತಂಡವೂ ಮಾಟಗಾತಿಯನ್ನು ಬಿಡಲಿಲ್ಲ. ಅದರ ಮಿಹೇಲಾ ದ್ರಾಗಾನ್ ಅವಳನ್ನು ನಾಳಿನ ಕಾಲದ ನಾಯಕಿಯಾಗಿ ರಂಗಕ್ಕೆ ತಂದರು.

ಇದಕ್ಕೆ ಪೂರಾ ಎದುರು ನಿಂತವರು ಪೆಂಟಕೋಸ್ಟಲ್ ಕ್ರೈಸ್ತ ರೋಮಾಗಳು. 1950ರ ದಶಕದಲ್ಲಿ ಫ್ರಾನ್ಸಿನಲ್ಲಿ ಕ್ಲೆಮಾಂ ಲ ಕೊಸೆಕ್ ಎಂಬ ಪಾಸ್ಟರ್ ಶುರುಮಾಡಿದ ಈ ಚಳವಳಿ ಸ್ಪೇನ್, ಇಂಗ್ಲೆಂಡಿಗೂ ಹಬ್ಬಿತು. ದೀಕ್ಷೆ ಪಡೆದವರು ಮೊದಲು ಬಿಡಬೇಕಾದ ಕೆಲಸಗಳಲ್ಲಿ ಭವಿಷ್ಯ ಹೇಳುವುದೂ ಒಂದು. ಕೈ ನೋಡುವುದನ್ನು ಬಿಟ್ಟರೂ ಅವರು ರೋಮಾಗಳಾಗಿಯೇ ಇದ್ದಾರೆ, ರೋಮಾನಿಯಲ್ಲೇ ಪ್ರಾರ್ಥಿಸುವ ಸಭೆಗಳೂ ಇವೆ. ಕಣಿಯೇ ಇವರ ಗುರುತು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗದು.

ನಿಮ್ಮ ದೃಶ್ಯ ಇಟ್ಟುಕೊಳ್ಳಿ. ಆದರೆ ಅಲ್ಲಿ ಅವಳು ತನಗಾಗಿ, ತನ್ನ ಗೆಳತಿಯರ ನಡುವೆ ಎಲೆ ಹಾಕುತ್ತಾಳೆ. ಅದು ಫ್ರೆಂಚರ ಕಲ್ಪನೆ ಎಂದು ನಿಮ್ಮ ನಟಿಗೆ ಗೊತ್ತಿರಲಿ.

ಪ್ರಶ್ನೆ: ಬರುವ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಆ್ಯಪಲ್‌ಬಿ ಕುದುರೆ ಜಾತ್ರೆಯಲ್ಲಿ ಕೈ ನೋಡುವವರು ಇರುತ್ತಾರಂತೆ. ತೋರಿಸಬಹುದೇ?
ಮಂಗಳೂರು

ಉತ್ತರ: ಧಾರಾಳವಾಗಿ ತೋರಿಸಿ. ಜೂನ್ ಮೊದಲ ವಾರದಲ್ಲಿ ಬ್ರಿಟನ್ನಿನ ಜಿಪ್ಸಿ ಕುಟುಂಬಗಳು, ಅಲೆಮಾರಿಗಳು ಅಲ್ಲಿ ಸೇರುತ್ತಾರೆ. ಈಡನ್ ಹೊಳೆಯಲ್ಲಿ ಕುದುರೆ ತೊಳೆಯುವುದನ್ನು ನೋಡಲು ಬೆಳಿಗ್ಗೆ ಬೇಗ ಹೋಗಿ. ಕೈ ನೋಡುವ ಗಾಡಿಗಳ ಮುಂದೆ ಇಂಥ ಮನೆತನದ ಇಷ್ಟನೇ ತಲೆಮಾರಿನವಳು ಎಂದು ಬೋರ್ಡು ಇರುತ್ತದೆ. ಅದು ಜಾಹೀರಾತು, ಅದಕ್ಕೆ ತಕ್ಕಷ್ಟು ಮಾತ್ರ ನಂಬಿ. ಬೆಲೆ ಮೊದಲೇ ಕೇಳಿಕೊಳ್ಳಿ, ಫೋಟೊ ಬೇಕಿದ್ದರೆ ಅನುಮತಿ ಕೇಳಿ. ನಿಮಗೆ ದೋಷ ಇದೆ, ನಾಳೆ ಇನ್ನಷ್ಟು ದುಡ್ಡು ತೆಗೆದುಕೊಂಡು ಬನ್ನಿ ಎಂದರೆ ಮಾತ್ರ ನಮಸ್ಕಾರ ಹೇಳಿ ಎದ್ದು ಬನ್ನಿ.